ಊರು ಬದಲಾದರೆ ಲೈಸೆನ್ಸೂ ಬದಲಾಗಬೇಕೆ?

ಊರು ಬಿಡದೆಯೇ ವಿಳಾಸ ಕಳೆದುಕೊಂಡವರನ್ನು ನೋಡಬೇಕಿದ್ದರೆ ಬಾಗಲಕೋಟೆಗೆ ಹೋಗಬೇಕು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೇರಿ ಹಳೆ ಊರಿನ ಓಣಿಗಳನ್ನು ನುಂಗಿದಾಗ ಸಾವಿರಾರು ಕುಟುಂಬಗಳು ನವನಗರಕ್ಕೆ ಎದ್ದುಹೋದವು. ಓಣಿ, ಅಗಸಿ, ಗುಡಿಯ ಹೆಸರಿದ್ದ ವಿಳಾಸಗಳ ಜಾಗದಲ್ಲಿ ಸೆಕ್ಟರ್ ನಂಬರುಗಳು ಬಂದವು. ಬಾದಾಮಿ ಮತ್ತು ಹುನಗುಂದ ತಾಲ್ಲೂಕುಗಳ ಕಥೆ ಮಲಪ್ರಭೆಯದು. 2009ರ ಮಹಾಪೂರದ ನಂತರ ಸರ್ಕಾರ ‘ಆಸರೆ’ ಯೋಜನೆಯಡಿ ಹೊಸ ಮನೆ ಕಟ್ಟಿಸಿತು; ನದಿದಂಡೆಯ ಎಷ್ಟೋ ಜನರ ಮನೆ ಒಂದು ಕಡೆ, ದಾಖಲೆ ಒಂದು ಕಡೆ ಆಯಿತು.

ನೀರು ಎಬ್ಬಿಸಿದವರು ಇವರಾದರೆ, ನೀರಿಲ್ಲದೆ ಎದ್ದವರು ಇನ್ನೂ ಹೆಚ್ಚು. ಮಳೆ ಕೈಕೊಟ್ಟ ವರ್ಷ ಈ ಭಾಗದ ಹಳ್ಳಿಗಳಿಂದ, ತಾಂಡಾಗಳಿಂದ ಗುಳೆ ಹೊರಡುವವರ ದಾರಿ ಗೋವಾ, ಮಂಗಳೂರು, ಉಡುಪಿ, ಪುಣೆ, ಬೆಂಗಳೂರು. ವಾಸ್ಕೋ, ಮಡಗಾಂವ, ಮಾಪುಸಾದ ಕಟ್ಟಡ ಕೆಲಸಗಳಲ್ಲಿ ಉತ್ತರ ಕರ್ನಾಟಕದ ಕನ್ನಡ ಕೇಳುವುದು ಹೊಸದೇನಲ್ಲ. ಗಾರೆ ಕೆಲಸಕ್ಕೆ ಹೋದ ಹುಡುಗ ಎರಡು ವರ್ಷದಲ್ಲಿ ಪಿಕಪ್ ಓಡಿಸತೊಡಗುತ್ತಾನೆ. ಆಗ ಏಳುವ ಪ್ರಶ್ನೆ ಒಂದೇ: ‘ಊರಾಗ ಮಾಡಿಸಿದ ಲೈಸೆನ್ಸ್ ಇಲ್ಲಿ ನಡೀತದೇನು?’

ನಡೆಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 13ನೇ ಕಲಮು ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿದೆ. ದೇಶದ ಯಾವ ಕಚೇರಿಯಲ್ಲಿ ಪಡೆದರೂ ಡ್ರೈವಿಂಗ್ ಲೈಸೆನ್ಸ್ ಇಡೀ ಭಾರತಕ್ಕೆ ಊರ್ಜಿತ. ಕಲಿಯುವವರ ಲೈಸೆನ್ಸ್, ಅಂದರೆ ಎಲ್ಎಲ್ಆರ್ ಕೂಡ ಹಾಗೆಯೇ. ಕಾರ್ಡಿನ ಮೇಲಿನ ಕೆಎ-29 ಎಂಬುದು ಅದು ಬಾಗಲಕೋಟೆಯಲ್ಲಿ ಹುಟ್ಟಿತು ಎಂದು ಹೇಳುತ್ತದೆ, ಅಲ್ಲಿಗಷ್ಟೇ ಸೀಮಿತ ಎಂದಲ್ಲ. ಗೋವಾಕ್ಕೆ ಹೋದವರು ಗೋವಾದ್ದೊಂದು, ಪುಣೆಗೆ ಹೋದವರು ಮಹಾರಾಷ್ಟ್ರದ್ದೊಂದು ಹೊಸ ಲೈಸೆನ್ಸ್ ಮಾಡಿಸಬೇಕಿಲ್ಲ. ಮಾಡಿಸುವಂತೆಯೂ ಇಲ್ಲ: ಒಬ್ಬರ ಬಳಿ ಎರಡು ಲೈಸೆನ್ಸ್ ಇರುವುದನ್ನು ಅದೇ ಕಾಯ್ದೆಯ 6ನೇ ಕಲಮು ನಿಷೇಧಿಸಿದೆ. ಈಗ ದೇಶದ ದಾಖಲೆಗಳೆಲ್ಲ ‘ಸಾರಥಿ’ ಎಂಬ ಒಂದೇ ಜಾಲಕ್ಕೆ ಸೇರುತ್ತಿರುವುದರಿಂದ, ಹಳೆಯದನ್ನು ಮುಚ್ಚಿಟ್ಟು ಹೊಸದು ಪಡೆಯುವ ಉಪಾಯ ಸುಲಭವಾಗಿ ಸಿಕ್ಕಿಬೀಳುತ್ತದೆ.

ಹಾಗಾದರೆ ಬದಲಿಸಬೇಕಾದ್ದು ಏನು? ವಿಳಾಸ.

ವಿಳಾಸ ಹಳೆಯದಾದ ಮಾತ್ರಕ್ಕೆ ಲೈಸೆನ್ಸ್ ರದ್ದಾಗುವುದಿಲ್ಲ. ಆದರೆ ನೋಟಿಸು, ಅಂಚೆಯಲ್ಲಿ ಬರುವ ಹೊಸ ಕಾರ್ಡು ಎಲ್ಲವೂ ಹಳೆ ಮನೆಯ ಬಾಗಿಲಿಗೇ ಹೋಗುತ್ತವೆ. ತಿದ್ದಿಸಲು ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಹಿಂದೆ ಕೆಲಸಕ್ಕೊಂದು ಅರ್ಜಿ ನಮೂನೆ ಇತ್ತು. 2021ರ ಮಾರ್ಚ್‌ನಲ್ಲಿ ಅವುಗಳನ್ನು ಒಗ್ಗೂಡಿಸಿ ಹೊಸ ಲೈಸೆನ್ಸ್, ನವೀಕರಣ, ವಿಳಾಸ ಬದಲಾವಣೆ ಎಲ್ಲಕ್ಕೂ ನಮೂನೆ 2 ಒಂದನ್ನೇ ಇಟ್ಟರು. ಆಧಾರ್ ಮೂಲಕ ಗುರುತು ಖಚಿತಪಡಿಸಿದರೆ ಕಚೇರಿಗೆ ಹೋಗದೆ ಮುಗಿಯುವ ಸೇವೆಗಳ ಪಟ್ಟಿಗೂ ಅದೇ ತಿಂಗಳು 18 ಸೇವೆಗಳು ಸೇರಿದವು. 2022ರ ಸೆಪ್ಟೆಂಬರ್‌ನಲ್ಲಿ ಆ ಪಟ್ಟಿ 58ಕ್ಕೆ ಬೆಳೆಯಿತು. ಕೇಂದ್ರದ ನಿಯಮದಂತೆ ವಿಳಾಸ ಬದಲಾವಣೆಯ ಶುಲ್ಕ 200 ರೂಪಾಯಿ. ಕಾರ್ಡಿನ ಮತ್ತು ಸೇವೆಯ ಶುಲ್ಕ ಸೇರಿ ಸ್ವಲ್ಪ ಹೆಚ್ಚಾಗಬಹುದು. ಈ ಅಂಕಿ ತಿಳಿದಿದ್ದರೆ ಏಜೆಂಟರ ಜೊತೆ ಮಾತಾಡುವ ಧಾಟಿಯೇ ಬೇರೆಯಾಗುತ್ತದೆ.

ತೊಡಕು ಇರುವುದು ಶುಲ್ಕದಲ್ಲಲ್ಲ, ಪುರಾವೆಯಲ್ಲಿ. ಬ್ಯಾಂಕಿನಿಂದ ವರ್ಗವಾಗಿ ಬಾಗಲಕೋಟೆಗೆ ಬಂದವರ ಬಳಿ ಬಾಡಿಗೆ ಕರಾರು ಇರುತ್ತದೆ, ಸಂಬಳದ ಚೀಟಿ ಇರುತ್ತದೆ. ಹುನಗುಂದದ ಹಳ್ಳಿಯಿಂದ ಹೋಗಿ ಗೋವಾದ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿರುವ ದಂಪತಿಗೆ ಎಂಥ ಕರಾರು? ಅವರ ಆಧಾರ್ ಊರಿನದು, ರೇಷನ್ ಕಾರ್ಡು ಊರಿನದು, ಓಟು ಊರಿನದು. ಇಂಥವರು ಊರಿನ ವಿಳಾಸವನ್ನೇ ಲೈಸೆನ್ಸಿನಲ್ಲಿ ಉಳಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ; ಬೇಸಿಗೆ ಕಳೆದು ಮಳೆ ಬಿದ್ದರೆ ಅವರು ಮರಳುವುದೂ ಅಲ್ಲಿಗೇ. ನಿಜಕ್ಕೂ ನೆಲೆ ಬದಲಿಸಿದವರು ಮೊದಲು ಆಧಾರ್‌ನ ವಿಳಾಸ ತಿದ್ದಿಸಿ, ಆಮೇಲೆ ಲೈಸೆನ್ಸಿಗೆ ಕೈಹಾಕಿದರೆ ಓಡಾಟ ಉಳಿಯುತ್ತದೆ. ಸಕಾರಣವಾಗಿ ಬೇರೆ ಪುರಾವೆ ಕೊಡಲಾಗದವರಿಂದ ನೋಟರಿ ಮುಂದೆ ಮಾಡಿದ ಅಫಿಡವಿಟ್ ಸ್ವೀಕರಿಸಲು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅವಕಾಶವಿದೆ.

ಹಳೆ ಕಾಲದ ಪುಸ್ತಕದ ಲೈಸೆನ್ಸ್ ಇಟ್ಟುಕೊಂಡವರದು ಇನ್ನೊಂದು ಪಾಡು. ಕೈಬರಹದ ಆ ದಾಖಲೆ ಕಂಪ್ಯೂಟರಿಗೆ ಏರಿರದಿದ್ದರೆ ಬೇರೆ ಊರಿನ ಕಚೇರಿ ಎಷ್ಟು ಹುಡುಕಿದರೂ ಅದು ತೆರೆಯ ಮೇಲೆ ಬರುವುದಿಲ್ಲ. ಮೂಲ ಲೈಸೆನ್ಸ್ ಕೊಟ್ಟ ಕಚೇರಿಯೇ ಅದನ್ನು ಸಾರಥಿಗೆ ಏರಿಸಬೇಕು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ವಿಜಯಪುರದಿಂದ ಬೇರ್ಪಟ್ಟು. ಹಾಗಾಗಿ ಬಾದಾಮಿ, ಇಳಕಲ್ಲಿನ ಹಿರಿಯ ಚಾಲಕರು ತಮ್ಮ ಪುಸ್ತಕದ ಮೊದಲ ಪುಟದ ಸೀಲನ್ನು ಒಮ್ಮೆ ನೋಡಿಕೊಂಡು ಹೊರಡುವುದು ಲೇಸು.

ಮೊದಲ ಬಾರಿ ಲೈಸೆನ್ಸ್ ಮಾಡಿಸುವವರಿಗೆ 2019ರ ತಿದ್ದುಪಡಿ ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಮೊದಲು ತಾನು ವಾಸಿಸುವ ಪ್ರದೇಶದ ಕಚೇರಿಗೇ ಅರ್ಜಿ ಹಾಕಬೇಕಿತ್ತು. ಈಗ ವಾಸವಿರುವ ರಾಜ್ಯದ ಯಾವುದೇ ಪ್ರಾಧಿಕಾರಕ್ಕೆ ಹಾಕಬಹುದು. ಧಾರವಾಡದಲ್ಲಿ ಓದುವ ಇಳಕಲ್ಲಿನ ಹುಡುಗಿ ಅಲ್ಲಿಯೇ ಪರೀಕ್ಷೆ ಕೊಡಬಹುದು, ಟೆಸ್ಟಿಗಾಗಿ ರಜೆ ಹಾಕಿ ಊರಿಗೆ ಬರಬೇಕಿಲ್ಲ. ಎಲ್ಎಲ್ಆರ್‌ಗೆ ರಸ್ತೆ ಚಿಹ್ನೆ ಮತ್ತು ನಿಯಮಗಳ ಪ್ರಶ್ನೆಗಳಿರುತ್ತವೆ. ನಿಯಮ ಕೇಳುವುದು ಕನಿಷ್ಠ ಶೇ. 60 ಸರಿಯುತ್ತರ. ಅದರ ಆಯುಷ್ಯ ಆರು ತಿಂಗಳು. ಸಿಕ್ಕ ದಿನದಿಂದ 30 ದಿನ ಕಳೆದ ಮೇಲೆ, ಅವಧಿ ಮುಗಿಯುವುದರೊಳಗೆ ಗಾಡಿ ಓಡಿಸಿ ತೋರಿಸಬೇಕು. ಎಲ್ಎಲ್ಆರ್‌ಗೆ ಪ್ರತಿ ವರ್ಗದ ವಾಹನಕ್ಕೆ 150 ರೂಪಾಯಿ, ಓಡಿಸುವ ಟೆಸ್ಟಿಗೆ 300, ಲೈಸೆನ್ಸಿಗೆ 200 ಎಂಬುದು ಕೇಂದ್ರದ ಮೂಲ ಶುಲ್ಕ. ಗೇರಿಲ್ಲದ 50 ಸಿಸಿ ಒಳಗಿನ ಬೈಕಿಗೆ 16 ವರ್ಷ, ಉಳಿದವಕ್ಕೆ 18, ಬಾಡಿಗೆ ಮತ್ತು ಸರಕಿನ ವಾಹನಗಳಿಗೆ 20 ವರ್ಷ ತುಂಬಿರಬೇಕು.

ಈ ಕೊನೆಯ ಮಾತು ಇಳಕಲ್ಲಿಗೆ ಹೆಚ್ಚು ತಟ್ಟುತ್ತದೆ. ಸೀರೆಯಷ್ಟೇ ಕೆಂಪು ಗ್ರಾನೈಟಿಗೂ ಹೆಸರಾದ ಊರು ಅದು. ವಿಜಯಪುರದಿಂದ ಹುನಗುಂದ, ಇಳಕಲ್ ಹಾದು ಹೊಸಪೇಟೆ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50ರ ಮೇಲೆ ಕಲ್ಲಿನ ದಿಮ್ಮಿ ಹೊತ್ತ ಲಾರಿಗಳು ಸಾಲುಗಟ್ಟುತ್ತವೆ. ಇಲ್ಲಿ ಲೈಸೆನ್ಸ್ ಅಂದರೆ ಅನ್ನ. ಹೆವಿ ಲೈಸೆನ್ಸ್ ಕಲಿಯಲು ಮೊದಲು ಲಘು ವಾಹನದ ಲೈಸೆನ್ಸ್ ಕನಿಷ್ಠ ಒಂದು ವರ್ಷ ಹಳೆಯದಾಗಿರಬೇಕು. ಎಂಟನೇ ಇಯತ್ತೆ ಪಾಸಾಗಿರಬೇಕೆಂಬ ಹಳೆ ಷರತ್ತು 2019ರಲ್ಲಿ ಹೋಯಿತು. ಶಾಲೆ ಅರ್ಧಕ್ಕೆ ಬಿಟ್ಟು ಕ್ಲೀನರ್ ಆಗಿ ಲಾರಿ ಹತ್ತಿದವರಿಗೆ ಅದರಿಂದ ಸ್ಟೇರಿಂಗ್ ಹಿಡಿಯುವ ದಾರಿ ತೆರೆಯಿತು.

ಟಂಟಂ, ಪಿಕಪ್, ಸಣ್ಣ ಟೆಂಪೋ ಓಡಿಸುವವರಿಗೆ ಇನ್ನೂ ದೊಡ್ಡ ಸುದ್ದಿ ಸುಪ್ರೀಂ ಕೋರ್ಟಿನಿಂದ ಬಂತು. ಕಾರಿನ ಲೈಸೆನ್ಸ್ ಇದ್ದವರು ಸರಕಿನ ಗಾಡಿ ಓಡಿಸಿ ಅಪಘಾತವಾದರೆ, ಸರಿಯಾದ ಲೈಸೆನ್ಸ್ ಇಲ್ಲವೆಂದು ವಿಮಾ ಕಂಪನಿಗಳು ಪರಿಹಾರ ನಿರಾಕರಿಸುತ್ತಿದ್ದವು. 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ನ್ಯಾಯಾಲಯ ಚಾಲಕರ ಪರ ನಿಂತಿತು. ಆ ತೀರ್ಪು ಮತ್ತೆ ಪ್ರಶ್ನೆಗೊಳಗಾಗಿ, 2024ರ ನವೆಂಬರ್ 6ರಂದು ರಂಭಾದೇವಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಒಟ್ಟು ತೂಕ 7,500 ಕಿಲೋ ಮೀರದ ವಾಹನಕ್ಕೆ ಲಘು ವಾಹನದ ಲೈಸೆನ್ಸ್ ಸಾಕು, ಬೇರೆ ಅನುಮತಿ ಬೇಡ. ಅಪಾಯಕಾರಿ ಸರಕು ಸಾಗಿಸುವಂಥ ವಾಹನಗಳಿಗೆ ಮಾತ್ರ ವಿಶೇಷ ಷರತ್ತುಗಳು ಹಾಗೇ ಉಳಿದಿವೆ.

ಊರು ಬಿಟ್ಟವರನ್ನು ಹೆಚ್ಚಾಗಿ ಕೆಡವುವುದು ವಿಳಾಸವಲ್ಲ, ತಾರೀಕು. ಲೈಸೆನ್ಸ್ ಮುಗಿಯುವ ದಿನ ಯಾರಿಗೂ ನೆನಪಿರುವುದಿಲ್ಲ. 2019ರ ತಿದ್ದುಪಡಿಯ ನಂತರ 30 ವರ್ಷದೊಳಗೆ ಪಡೆದ ಖಾಸಗಿ ವಾಹನದ ಲೈಸೆನ್ಸ್ 40 ತುಂಬುವವರೆಗೆ ನಡೆಯುತ್ತದೆ. 30ರಿಂದ 50ರೊಳಗೆ ಪಡೆದರೆ ಹತ್ತು ವರ್ಷ. 50ರಿಂದ 55ರೊಳಗಾದರೆ 60 ತುಂಬುವವರೆಗೆ. ಆಮೇಲೆ ಐದೈದು ವರ್ಷ. ಸಾರಿಗೆ ವಾಹನಗಳ ಲೈಸೆನ್ಸಿಗೆ ವಯಸ್ಸು ಎಷ್ಟೇ ಇರಲಿ, ಐದು ವರ್ಷ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ, ಮುಗಿದ ಒಂದು ವರ್ಷದ ತನಕ ಟೆಸ್ಟ್ ಇಲ್ಲದೆ ನವೀಕರಿಸಬಹುದು. ಆ ಗಡಿ ದಾಟಿದರೆ ಮತ್ತೆ ಓಡಿಸಿ ತೋರಿಸಲೇಬೇಕು. ಆ ಒಂದು ವರ್ಷ ನವೀಕರಣಕ್ಕೆ ಇರುವ ಸಮಯವೇ ಹೊರತು ಗಾಡಿ ಓಡಿಸಲು ಇರುವ ರಿಯಾಯಿತಿಯಲ್ಲ: ಲೈಸೆನ್ಸ್ ಇಲ್ಲದೆ ಓಡಿಸುವುದಕ್ಕೆ ಕಾಯ್ದೆ ಹೇಳುವ ದಂಡ 5,000 ರೂಪಾಯಿ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಇಲ್ಲೂ ಒಂದು ಅನುಕೂಲವಿದೆ. ನವೀಕರಣವನ್ನು ಲೈಸೆನ್ಸ್ ಕೊಟ್ಟ ಕಚೇರಿಯೇ ಮಾಡಬೇಕೆಂದಿಲ್ಲ. ಬೇರೆ ಪ್ರಾಧಿಕಾರವೂ ಮಾಡಬಹುದು, ಮಾಡಿ ಮೂಲ ಕಚೇರಿಗೆ ತಿಳಿಸಬೇಕು ಎನ್ನುತ್ತದೆ 15ನೇ ಕಲಮು. 40 ದಾಟಿದವರು ವೈದ್ಯರ ಪ್ರಮಾಣಪತ್ರ ಜೊತೆಗಿಡಬೇಕು.

ಇಷ್ಟೆಲ್ಲ ಗೊಂದಲಕ್ಕೆ ಮೂಲ, ಚಾಲಕನ ಲೈಸೆನ್ಸನ್ನೂ ವಾಹನದ ‘ಪಾಸಿಂಗ್’, ಅಂದರೆ ನೋಂದಣಿಯನ್ನೂ ಒಂದೇ ಎಂದುಕೊಳ್ಳುವುದು. ಮನುಷ್ಯನಿಗೆ ರಾಜ್ಯದ ಗಡಿ ಇಲ್ಲ, ಗಾಡಿಗೆ ಇದೆ. ಕೆಎ-29 ಬೈಕನ್ನು ಗೋವಾದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕು. ಅದಕ್ಕೆ ಬಾಗಲಕೋಟೆ ಕಚೇರಿಯಿಂದ ನಮೂನೆ 28ರಲ್ಲಿ ಎನ್ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ತರಬೇಕು, ಹೊಸ ರಾಜ್ಯದ ತೆರಿಗೆ ಕಟ್ಟಬೇಕು. ರಾಜ್ಯದೊಳಗೇ ಮನೆ ಬದಲಾದರೂ ಆರ್‌ಸಿಯ ವಿಳಾಸದ ಬಗ್ಗೆ 30 ದಿನದೊಳಗೆ ತಿಳಿಸಬೇಕೆಂಬ ನಿಯಮವಿದೆ. ಮೇಲಿಂದ ಮೇಲೆ ವರ್ಗವಾಗುವ ಸೈನಿಕರಿಗೆ, ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ಉದ್ಯೋಗಿಗಳಿಗೆ 2021ರ ಸೆಪ್ಟೆಂಬರ್‌ನಿಂದ ‘ಬಿಎಚ್’ ಸರಣಿಯ ನಂಬರು ಸಿಗುತ್ತಿದೆ. ಟಂಟಂ ಓಡಿಸಿ ಹೊಟ್ಟೆ ಹೊರೆಯುವವರು ಆ ಪಟ್ಟಿಯಲ್ಲಿಲ್ಲ.

ದೇಶದ ಗಡಿ ದಾಟಿದರೆ ಲೆಕ್ಕವೇ ತಿರುಗುತ್ತದೆ. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಹೊರದೇಶಕ್ಕೆ ಹೋದವರು ಬಹಳ. ಬ್ರಿಟನ್ನಿನಲ್ಲಿ ನೆಲೆಸಿದವರು ಭಾರತದ ಲೈಸೆನ್ಸಿನಲ್ಲಿ 12 ತಿಂಗಳು ಓಡಿಸಬಹುದು. ಆಮೇಲೆ ಅಲ್ಲಿನ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ದಾಟಬೇಕು. ಜರ್ಮನಿಯಲ್ಲಿ ಈ ಅವಧಿ ಆರು ತಿಂಗಳು. ಕ್ಯಾಲಿಫೋರ್ನಿಯಾದಲ್ಲಿ ಕಾಯಂ ನೆಲೆಸುವವರು ಹತ್ತೇ ದಿನದಲ್ಲಿ ಅರ್ಜಿ ಹಾಕಬೇಕು. ಎಡಕ್ಕೆ ಓಡಿಸಿದ ರೂಢಿಯವರು ಜರ್ಮನಿ, ಅಮೆರಿಕ, ದುಬೈಗಳಲ್ಲಿ ಬಲಕ್ಕೆ ಒಗ್ಗಿಕೊಳ್ಳಬೇಕಾದ್ದು ಬೇರೆ.

ಅಲ್ಪಾವಧಿಗೆ ಹೋಗುವವರಿಗೆ ಅಂತಾರಾಷ್ಟ್ರೀಯ ಚಾಲನಾ ಪರ್ಮಿಟ್ ಇದೆ. ಇದನ್ನು ಊರಿನ ಆರ್‌ಟಿಓ ಕಚೇರಿಯೇ ಕೊಡುತ್ತದೆ. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಅದು ಮೂಲ ಲೈಸೆನ್ಸಿನ ಜೊತೆಗಷ್ಟೇ ಬೆಲೆಬಾಳುತ್ತದೆ. ಹೊರದೇಶದಲ್ಲಿರುವಾಗ ಪರ್ಮಿಟ್ ಮುಗಿದರೆ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕುವ ವ್ಯವಸ್ಥೆ 2021ರ ಜನವರಿಯಲ್ಲಿ ಬಂತು. ಆದರೆ ಅಲ್ಲಿನ ಲೈಸೆನ್ಸ್ ಕೈಗೆ ಬಂದ ಮೇಲೆ ಹೆಚ್ಚಿನವರು ಇಲ್ಲಿಯದನ್ನು ಕಪಾಟಿಗೆ ಹಾಕಿ ಮರೆಯುತ್ತಾರೆ. ಹದಿನೈದು ವರ್ಷ ಹೆದ್ದಾರಿಗಳಲ್ಲಿ ಓಡಿಸಿ ಊರಿಗೆ ಮರಳಿದವರ ಕೆಎ-29 ಲೈಸೆನ್ಸ್ ಮುಗಿದು ವರ್ಷ ದಾಟಿದ್ದರೆ ಕಾನೂನು ಅವರ ಅನುಭವವನ್ನು ಕೇಳುವುದಿಲ್ಲ. ಮೊನ್ನೆ ಮೊನ್ನೆ ಹದಿನೆಂಟು ತುಂಬಿದ ಹುಡುಗರ ಜೊತೆ ಸರದಿಯಲ್ಲಿ ನಿಂತು, ಇನ್ಸ್‌ಪೆಕ್ಟರ ಮುಂದೆ ಗಾಡಿ ಓಡಿಸಿ ತೋರಿಸಬೇಕು.