ಅನ್ನದ ಲೆಕ್ಕ ಹೊಸ್ತಿಲವರೆಗೆ

ಕಳೆದ ಮೂವತ್ತು ದಿನಗಳಲ್ಲಿ ಮನೆಯಲ್ಲಿ ಎಷ್ಟು ಅಕ್ಕಿ ಖರ್ಚಾಯಿತು? ಅದರಲ್ಲಿ ರೇಷನ್ ಅಕ್ಕಿ ಎಷ್ಟು, ಅಂಗಡಿಯಿಂದ ತಂದದ್ದೆಷ್ಟು, ಸ್ವಂತ ಗದ್ದೆಯದೆಷ್ಟು? ಕಳೆದ ಏಳು ದಿನಗಳಲ್ಲಿ ಟೊಮೆಟೊ ಎಷ್ಟು, ಬದನೆಕಾಯಿ ಎಷ್ಟು, ಮೊಟ್ಟೆ ಎಷ್ಟು? ಮನೆಯವರು ಎಷ್ಟು ಹೊತ್ತು ಹೊರಗೆ ಉಂಡರು, ನೆಂಟರು ಎಷ್ಟು ಹೊತ್ತು ಇಲ್ಲಿ ಉಂಡರು? ಕೇಂದ್ರ ಸರ್ಕಾರದ ಗೃಹಬಳಕೆ ವೆಚ್ಚ ಸಮೀಕ್ಷೆಯವರು ಬಂದರೆ ಅಕ್ಕಿಯಿಂದ ಚಪ್ಪಲಿಯವರೆಗೆ ನಾನೂರಕ್ಕೂ ಹೆಚ್ಚು ಬಾಬುಗಳನ್ನು ಒಂದೊಂದಾಗಿ ವಿಚಾರಿಸುತ್ತಾರೆ. 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ದೇಶದ 2,61,746 ಮನೆಗಳಲ್ಲಿ ಹೀಗೆ ವಿಚಾರಿಸಿದರು. ಬಂದ ಉತ್ತರಗಳನ್ನು ಕೂಡಿ, ಗುಣಿಸಿ, ಭಾಗಿಸಿದ ಮೇಲೆ ಸಿಕ್ಕಿದ ಅಂಕಿ ಇದು: ಹಳ್ಳಿಯಲ್ಲಿ ತಲೆಗೆ ದಿನಕ್ಕೆ 2,233 ಕಿಲೋಕ್ಯಾಲರಿ, ಪಟ್ಟಣದಲ್ಲಿ 2,250.

ಇಷ್ಟು ಖಚಿತವಾಗಿ ಕಾಣುವ ಅಂಕಿಯ ಹಿಂದೆ ಒಂದೇ ಒಂದು ತಟ್ಟೆಯನ್ನೂ ಯಾರೂ ತೂಗಿಲ್ಲ. ಇರುವುದು ಮನೆಯವರ ನೆನಪು. ಉತ್ತರ ಹೇಳುವವರು ಅಡುಗೆ ಮಾಡುವವರೇ ಆಗಿರಬೇಕೆಂದೂ ಇಲ್ಲ. ಜಗಲಿಯಲ್ಲಿ ಕೂತ ಯಜಮಾನರು ಹೇಳುತ್ತಿರುವಾಗ ಒಳಗಿನಿಂದ ‘ಅಷ್ಟಲ್ಲ, ಎರಡು ಕಿಲೋ ಕಡಿಮೆ’ ಎಂದು ತಿದ್ದುಪಡಿ ಬಂದರೆ ಅದು ದೇಶದ ಪುಣ್ಯ. ಕಟ್ಟಿನಲ್ಲಿ ಹೇಳಿದ ಸೊಪ್ಪು, ಸೇರಿನಲ್ಲಿ ಹೇಳಿದ ರಾಗಿ ಎಲ್ಲವೂ ಕಿಲೋಗ್ರಾಮಿಗೆ ಇಳಿಯಬೇಕು. ಆಮೇಲೆ ಪ್ರತಿ ಪದಾರ್ಥದ ತೂಕಕ್ಕೂ ಅದರ ಕ್ಯಾಲರಿ, ಪ್ರೋಟೀನ್, ಕೊಬ್ಬನ್ನು ಗುಣಿಸಬೇಕು.

ಆ ಗುಣಾಕಾರಕ್ಕೆ ಬೇಕಾದ ಕೋಷ್ಟಕಕ್ಕೂ ಒಂದು ಚರಿತ್ರೆಯಿದೆ. ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಹುಟ್ಟಿದ್ದು 1918ರಲ್ಲಿ, ನೀಲಗಿರಿಯ ಕೂನೂರಿನಲ್ಲಿ, ರಾಬರ್ಟ್ ಮೆಕ್‌ಕ್ಯಾರಿಸನ್ ನಡೆಸುತ್ತಿದ್ದ ಬೆರಿಬೆರಿ ರೋಗದ ಸಂಶೋಧನಾ ಘಟಕವಾಗಿ. ಭಾರತೀಯ ಆಹಾರಗಳ ಸತ್ವವನ್ನು ಪಟ್ಟಿ ಮಾಡುವ ಕೆಲಸ ಅಲ್ಲಿಂದಲೇ ಬೆಳೆಯಿತು. 1971ರಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಕೋಷ್ಟಕವನ್ನು ದಶಕಗಳ ಕಾಲ ಪೋಷಣೆಯ ಲೆಕ್ಕ ಹಾಕುವವರೆಲ್ಲ ಕಣ್ಣಿಗೊತ್ತಿಕೊಂಡು ಬಳಸಿದರು. 2017ರಲ್ಲಿ ಸಂಸ್ಥೆಯು ದೇಶದುದ್ದಕ್ಕೂ ಮಾದರಿಗಳನ್ನು ತರಿಸಿ, 528 ಆಹಾರಗಳನ್ನು ಹೊಸದಾಗಿ ಪರೀಕ್ಷಿಸಿ, ಹೊಸ ಕೋಷ್ಟಕ ಹೊರಡಿಸಿತು. ಹಳೆಯ ಕೋಷ್ಟಕದಲ್ಲಿ ನೂರು ಗ್ರಾಂ ಅವಲಕ್ಕಿಗೆ 20 ಮಿಲಿಗ್ರಾಂ ಕಬ್ಬಿಣಾಂಶವಿತ್ತು. ಹೊಸದರಲ್ಲಿ ಐದೂ ಇಲ್ಲ. ಗೊಜ್ಜವಲಕ್ಕಿ ತಿನ್ನುವವರ ಬೆಳಗಿನಲ್ಲಿ ಏನೂ ಬದಲಾಗದೆ, ಅವರ ಕಬ್ಬಿಣ ಕಾಗದದ ಮೇಲೆ ಕಾಲು ಭಾಗಕ್ಕಿಳಿಯಿತು.

ಕೋಷ್ಟಕಕ್ಕಿಂತ ದೊಡ್ಡ ತಕರಾರು ನೆನಪಿನದು. ವಾರದ ಲೆಕ್ಕ ಕೇಳಬೇಕೋ, ತಿಂಗಳ ಲೆಕ್ಕ ಕೇಳಬೇಕೋ? ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ 1950ರಲ್ಲಿ, ಈ ವೆಚ್ಚದ ಲೆಕ್ಕವನ್ನೂ ತೆಗೆಯುವ ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನು ಕಟ್ಟಿದಾಗಲೇ ಈ ಪ್ರಶ್ನೆ ಎದ್ದಿತ್ತು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಅವರ ತಂಡ ವಾರದ ಲೆಕ್ಕವನ್ನೂ ತಿಂಗಳ ಲೆಕ್ಕವನ್ನೂ ಕೇಳಿ, ನಿಜವಾಗಿ ತೂಗಿದ ತೂಕದೊಂದಿಗೆ ಹೋಲಿಸಿ ನೋಡಿತು. ತೂಕಕ್ಕೆ ಹತ್ತಿರ ಬಂದದ್ದು ತಿಂಗಳ ಲೆಕ್ಕ. ವಾರದ ಲೆಕ್ಕ ಉಬ್ಬುತ್ತದೆ, ಏಕೆಂದರೆ ಹತ್ತು ದಿನದ ಹಿಂದೆ ತಂದ ಕೋಳಿಯನ್ನೂ ನಾವು ಮೊನ್ನೆ ಮೊನ್ನೆ ತಂದದ್ದೆಂದೇ ಹೇಳುತ್ತೇವೆ. ತಿಂಗಳ ಲೆಕ್ಕಕ್ಕೆ ಇದರ ಉಲ್ಟಾ ಕಾಯಿಲೆ: ಚಿಲ್ಲರೆ ಖರ್ಚು ಮರೆತುಹೋಗುತ್ತದೆ. ಆಗಿನ ಕಾಲದಲ್ಲಿ ಮರೆಯುವಂಥ ಚಿಲ್ಲರೆಯೇ ಕಡಿಮೆ ಇತ್ತು. ದವಸ, ಬೇಳೆ, ಎಣ್ಣೆ ಮುಗಿದರೆ ಪಟ್ಟಿಯೇ ಮುಗಿಯಿತು. ತಿಂಗಳೇ ಗೆದ್ದಿತು.

ನಾಲ್ಕು ದಶಕಗಳಾದ ಮೇಲೆ ಪಟ್ಟಿ ಬೆಳೆದಿತ್ತು. 1994ರಿಂದ 1998ರವರೆಗಿನ ನಾಲ್ಕು ಸಣ್ಣ ಸುತ್ತುಗಳಲ್ಲಿ ಅರ್ಧ ಮನೆಗಳಿಗೆ ಹಳೆಯ ಪ್ರಶ್ನೆ, ಇನ್ನರ್ಧಕ್ಕೆ ಏಳು ದಿನದ ಪ್ರಶ್ನೆ ಕೊಟ್ಟು ನೋಡಿದರು. ಏಳು ದಿನದ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಖರ್ಚು ಎಷ್ಟು ಹೆಚ್ಚಿತ್ತೆಂದರೆ, ಅದನ್ನೇ ನಂಬಿದರೆ ದೇಶದ ಬಡವರ ಸಂಖ್ಯೆ ಸುಮಾರು ಅರ್ಧಕ್ಕಿಳಿಯುತ್ತಿತ್ತು! 1999–2000ರ ದೊಡ್ಡ ಸಮೀಕ್ಷೆಯಲ್ಲಿ ಎರಡೂ ಕಡೆಯವರನ್ನು ಸಮಾಧಾನಪಡಿಸಲು ಒಂದೇ ಮನೆಗೆ ಎರಡೂ ಪ್ರಶ್ನೆಗಳನ್ನು ಅಕ್ಕಪಕ್ಕದ ಅಂಕಣಗಳಲ್ಲಿ ಕೇಳಿದರು. ವಾರಕ್ಕೆ ಅರ್ಧ ಕಿಲೋ ಈರುಳ್ಳಿ ಎಂದವರು ತಿಂಗಳಿಗೆ ಎರಡು ಕಿಲೋ ಎನ್ನದೆ ಇನ್ನೇನು ಹೇಳಿಯಾರು? ಎರಡು ಉತ್ತರಗಳೂ ಒಂದನ್ನೊಂದು ನೋಡಿ ತಿದ್ದಿಕೊಂಡವು. ಬಡತನ 1993–94ರ ಶೇ 36ರಿಂದ ಶೇ 26ಕ್ಕೆ ಇಳಿಯಿತೆಂದು ಘೋಷಣೆಯಾಯಿತು. ಅದರಲ್ಲಿ ನಿಜವಾಗಿ ಇಳಿದದ್ದೆಷ್ಟು, ಪ್ರಶ್ನೆ ಇಳಿಸಿದ್ದೆಷ್ಟು ಎಂದು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಜಗಳವಾಡಿದರು.

ಜಗಳದಿಂದ ಒಂದು ಒಳ್ಳೆಯ ಅಭ್ಯಾಸ ಹುಟ್ಟಿತು: ಎರಡು ಬಗೆಯ ಪ್ರಶ್ನಾವಳಿಗಳನ್ನು ಬೇರೆ ಬೇರೆ ಮನೆಗಳಿಗೆ ಕೊಡುವುದು. 2011–12ರಲ್ಲಿ ಹಾಗೆ ಮಾಡಿದಾಗ ಮೂವತ್ತು ದಿನದ ಹಳೆಯ ಪ್ರಶ್ನೆಗೆ ಹಳ್ಳಿಯವರ ಆಹಾರ 2,099 ಕಿಲೋಕ್ಯಾಲರಿ ಎಂದು ಬಂತು. ತರಕಾರಿ, ಹಣ್ಣು, ಎಣ್ಣೆ, ಮೊಟ್ಟೆ, ಮೀನು, ಮಾಂಸ, ತಿಂಡಿಗಳಿಗೆ ಏಳು ದಿನದ ಲೆಕ್ಕ ಕೇಳಿದ ಪ್ರಶ್ನಾವಳಿಯಲ್ಲಿ 2,233. ಅದೇ ದೇಶ, ಅದೇ ವರ್ಷ. ಹನ್ನೊಂದು ವರ್ಷ ಕಳೆದು, ಏಳು ದಿನದ ಪ್ರಶ್ನೆಯನ್ನೇ ಇಟ್ಟುಕೊಂಡು ನಡೆಸಿದ 2022–23ರ ಸಮೀಕ್ಷೆಯಲ್ಲೂ ಹಳ್ಳಿಯ ಅಂಕಿ 2,233. ಹಳೆಯ ವರದಿಯ 2,099ನ್ನು ಪಕ್ಕದಲ್ಲಿಟ್ಟು ‘ಗ್ರಾಮೀಣ ಭಾರತ ಈಗ ಹೆಚ್ಚು ಉಣ್ಣುತ್ತಿದೆ’ ಎಂದು ತಲೆಬರಹ ಬರೆಯುವುದು ಬಹಳ ಸುಲಭ, ಅಷ್ಟೇ ತಪ್ಪು. (ಎರಡರ ನಡುವೆ 2017–18ರಲ್ಲಿ ನಡೆದ ಸಮೀಕ್ಷೆಯ ಫಲಿತಾಂಶವನ್ನು ಗುಣಮಟ್ಟದ ಕಾರಣ ಹೇಳಿ ಸರ್ಕಾರ ಹೊರಬಿಡಲೇ ಇಲ್ಲ.)

ಹಾಗೆಂದು ಈ ಅಂಕಿಗಳೆಲ್ಲ ಬರೀ ಪ್ರಶ್ನೆಯ ಆಟವೆಂದು ತಳ್ಳಿಹಾಕುವಂತಿಲ್ಲ. ಒಂದೇ ಬಗೆಯ ಪ್ರಶ್ನೆಯನ್ನು ದೀರ್ಘಕಾಲ ಕೇಳಿದರೆ ಬದಲಾವಣೆಯ ದಿಕ್ಕು ಚೆನ್ನಾಗಿಯೇ ಕಾಣುತ್ತದೆ. ಕಂಡದ್ದು ವಿಚಿತ್ರವಾಗಿತ್ತು. ಮೂವತ್ತು ದಿನದ ಲೆಕ್ಕದಲ್ಲಿ ಹಳ್ಳಿಯ ಕ್ಯಾಲರಿ 1983ರಲ್ಲಿ 2,221 ಇದ್ದದ್ದು 2009–10ಕ್ಕೆ 2,020ಕ್ಕೆ ಇಳಿದಿತ್ತು. ಆ ಅವಧಿಯಲ್ಲಿ ಜನರ ಆದಾಯ ಏರಿತ್ತು. 1970ರ ದಶಕದಲ್ಲಿ ಯೋಜನಾ ಆಯೋಗದ ತಜ್ಞರು ಹಳ್ಳಿಗೆ 2,400, ಪಟ್ಟಣಕ್ಕೆ 2,100 ಕಿಲೋಕ್ಯಾಲರಿ ಎಂದು ಗೆರೆ ಎಳೆದು, ಅಷ್ಟು ಕೊಳ್ಳಲಾಗದವರನ್ನು ಬಡವರೆಂದು ಕರೆದಿದ್ದರು. ಆ ಗೆರೆಯನ್ನು ಅಕ್ಷರಶಃ ನಂಬಿದರೆ ದೇಶ ಸಿರಿವಂತವಾಗುತ್ತಲೇ ಹಸಿವಿಗೆ ಬೀಳುತ್ತಿತ್ತು. ಉತ್ಸಾ ಪಟ್ನಾಯಕ್ ಅವರಂಥ ಅರ್ಥಶಾಸ್ತ್ರಜ್ಞರು ನಡೆಯುತ್ತಿರುವುದು ಅದೇ ಎಂದು ವಾದಿಸಿದರು.

ಆಂಗಸ್ ಡೀಟನ್ ಮತ್ತು ಜಾನ್ ಡ್ರೇಜ್ 2009ರಲ್ಲಿ ಬರೆದ ಪ್ರಬಂಧ ಬೇರೆ ದಾರಿ ಹಿಡಿಯಿತು. ಯಾವುದೇ ಒಂದು ವರ್ಷ ನೋಡಿದರೂ ಇದ್ದವರು ಇಲ್ಲದವರಿಗಿಂತ ಹೆಚ್ಚೇ ಉಣ್ಣುತ್ತಾರೆ, ಆದರೆ ವರ್ಷದಿಂದ ವರ್ಷಕ್ಕೆ ಎಲ್ಲ ವರ್ಗಗಳ ಕ್ಯಾಲರಿಯ ಗೆರೆಯೂ ಕೆಳಗೆ ಸರಿಯುತ್ತಿದೆ ಎಂದು ಅವರು ತೋರಿಸಿದರು. ದೇಹಕ್ಕೆ ಬೇಕಾದ ಶಕ್ತಿಯೇ ಕಡಿಮೆಯಾಗಿರಬಹುದು ಎಂಬುದು ಅವರ ಊಹೆ. ಹೊಲಕ್ಕೆ ಟ್ರ್ಯಾಕ್ಟರ್, ಬಾವಿಗೆ ಪಂಪ್‌ಸೆಟ್, ಊರಿಗೆ ಹಿಟ್ಟಿನ ಗಿರಣಿ, ಬೀದಿಗೆ ನಲ್ಲಿ ಬಂದವು. ಒನಕೆ, ಬೀಸುವ ಕಲ್ಲು, ಏತ ತಿನ್ನುತ್ತಿದ್ದ ಶಕ್ತಿ ಉಳಿಯಿತು. ವಾಂತಿಭೇದಿ ಕಡಿಮೆಯಾದಂತೆ ಉಂಡದ್ದು ಮೈಗೆ ಹತ್ತುವ ಪ್ರಮಾಣವೂ ಸುಧಾರಿಸಿತು. ಎಲ್ಲವೂ ಚೆನ್ನಾಗಿದೆ ಎಂದು ಮಾತ್ರ ಅವರು ಹೇಳಲಿಲ್ಲ. ಭಾರತದ ಮಕ್ಕಳ ಎತ್ತರ, ತೂಕಗಳು ಜಗತ್ತಿನಲ್ಲೇ ಕಳಪೆಯೆಂದು ಅದೇ ಪ್ರಬಂಧ ನೆನಪಿಸುತ್ತದೆ. ನನಗೆ ಈ ವಿವರಣೆ ಹೆಚ್ಚು ಒಪ್ಪಿಗೆಯಾಗುತ್ತದೆ. ದೇಶದ ಪೋಷಣೆಯನ್ನು ಕ್ಯಾಲರಿ ಎಂಬ ಒಂದೇ ಅಳತೆಯಿಂದ ಅಳೆಯುವುದು ಎಷ್ಟು ತೆಳುವಾದ ಕೆಲಸ ಎಂಬುದನ್ನೂ ಅದು ತೋರಿಸಿಕೊಟ್ಟಿತು.

ಹಳೆ ಮೈಸೂರಿನ ತಟ್ಟೆಯನ್ನೇ ನೋಡಿ. ಮುದ್ದೆಯ ಜಾಗಕ್ಕೆ ಅನ್ನ ಬಂದರೆ ಕ್ಯಾಲರಿಯ ಅಂಕಣದಲ್ಲಿ ಹೆಚ್ಚೇನೂ ಅಲುಗುವುದಿಲ್ಲ. ಆದರೆ ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಎಂಟೂ ಇಲ್ಲ.

ನಿಜವಾಗಿ ಬದಲಾದದ್ದು ಊಟದ ಒಳಗಿನ ಪಾಲುಗಳು. 1999–2000ರಲ್ಲಿ ಹಳ್ಳಿಯ ಮನೆಯ ಖರ್ಚಿನಲ್ಲಿ ದವಸದ ಪಾಲು ಶೇ 22ರಷ್ಟಿತ್ತು. 2022–23ರಲ್ಲಿ ಶೇ 5ಕ್ಕಿಂತ ಕಡಿಮೆ. ಪಾನೀಯ, ಬೇಕರಿ ತಿನಿಸು, ಕುರುಕಲು, ಹೋಟೆಲಿನ ಊಟ ಸೇರಿದ ಬಾಬಿಗೆ ಆ ವರ್ಷ ಹಳ್ಳಿಯವರು ತಮ್ಮ ಖರ್ಚಿನ ಶೇ 9.6, ಪಟ್ಟಣದವರು ಶೇ 10.6 ಕೊಟ್ಟರು. ಎಂದರೆ ದವಸಕ್ಕೆ ಕೊಡುವುದರ ಸುಮಾರು ಎರಡರಷ್ಟನ್ನು ಹಳ್ಳಿಯ ಮನೆಯೂ ಅಂಗಡಿಯ ಪೊಟ್ಟಣಕ್ಕೆ, ಹೋಟೆಲಿಗೆ ಕೊಡುತ್ತಿದೆ. ಪ್ರೋಟೀನ್ ಅಷ್ಟೇನೂ ಏರಿಲ್ಲ. ಕೊಬ್ಬು ಏರಿದೆ: ಹಳ್ಳಿಯಲ್ಲಿ 2009–10ರ 43.1 ಗ್ರಾಂನಿಂದ 2023–24ಕ್ಕೆ 60.4 ಗ್ರಾಂಗೆ, ಪಟ್ಟಣದಲ್ಲಿ 53ರಿಂದ 69.8ಕ್ಕೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ಕರ್ನಾಟಕದ ನೂರು ಹೆಂಗಸರಲ್ಲಿ ಮೂವತ್ತು ಮಂದಿಗೆ ಅತಿತೂಕ ಅಥವಾ ಬೊಜ್ಜು. ಅದೇ ರಾಜ್ಯದಲ್ಲಿ, ಅದೇ ಸಮೀಕ್ಷೆಯಲ್ಲಿ, ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಇಬ್ಬರೂ ಒಂದೇ ಮನೆಯಲ್ಲಿರಬಹುದೇ? ವೆಚ್ಚ ಸಮೀಕ್ಷೆ ಇದಕ್ಕೆ ಉತ್ತರಿಸಲಾರದು. ಅದು ಎಣಿಸುವುದು ಮನೆಯಲ್ಲಿ ಖರ್ಚಾದದ್ದನ್ನು. ಆಳುಕಾಳಿಗೆ ಊಟ ಹಾಕುವ ಮನೆಯಲ್ಲಿ ಆ ಅನ್ನವೂ ಯಜಮಾನರ ಲೆಕ್ಕಕ್ಕೆ ಬೀಳುತ್ತದೆ, ಉಂಡ ಕೂಲಿಯವಳ ಮನೆಯ ಲೆಕ್ಕದಲ್ಲಿ ಅದು ಇರುವುದಿಲ್ಲ. ಹೀಗಾಗಿ ಇದ್ದವರ ಕ್ಯಾಲರಿ ಇರುವುದಕ್ಕಿಂತ ಹೆಚ್ಚು, ಇಲ್ಲದವರದು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಊಟಗಳ ಸಂಖ್ಯೆ ಕೇಳಿ ಇದನ್ನು ಸರಿದೂಗಿಸುವ ಪ್ರಯತ್ನ ನಡೆದಿದೆ, ಅಂದಾಜಿನ ಮಟ್ಟಿಗೆ. ಮಗು ಶಾಲೆಯಲ್ಲಿ ಎಷ್ಟು ಬಿಸಿಯೂಟ ಉಂಡಿತೆಂದು ಬರೆದುಕೊಳ್ಳಬಹುದು. ತಟ್ಟೆಯಲ್ಲಿ ಮೊಟ್ಟೆ ಇತ್ತೋ, ಬಾಳೆಹಣ್ಣು ಇತ್ತೋ, ಚಿಕ್ಕಿ ಇತ್ತೋ ಗೊತ್ತಾಗದು.

ಮಾಂಸದ ವಿಷಯದಲ್ಲೂ ಹೀಗೇ. ಮನೆಗೆ ಕೋಳಿ ಬಂದರೆ ಮನೆಯೇ ಮಾಂಸಾಹಾರಿ, ಅತ್ತೆ ಮುಟ್ಟದಿದ್ದರೂ. ಒಬ್ಬೊಬ್ಬರನ್ನೇ ಕೇಳಿದ್ದು 2014ರ ಮಾದರಿ ನೋಂದಣಿ ವ್ಯವಸ್ಥೆಯ ಸಮೀಕ್ಷೆ: ಹದಿನೈದು ದಾಟಿದವರಲ್ಲಿ ದೇಶದಲ್ಲಿ ಶೇ 71, ಕರ್ನಾಟಕದಲ್ಲಿ ಶೇ 79ರಷ್ಟು ಮಂದಿ ಮಾಂಸ ತಿನ್ನುವವರು. ಭಾರತವನ್ನು ಸಸ್ಯಾಹಾರಿಗಳ ದೇಶವೆನ್ನುವವರಿಗೆ ಈ ಅಂಕಿ ಇನ್ನೂ ತಲುಪಿಲ್ಲ.

ಮನೆಗೆ ಬಂದ ಕ್ಯಾಲರಿಯನ್ನು ಜನರಿಗೆ ಹಂಚಿ ನೋಡಲು ಸಮೀಕ್ಷೆಯವರ ಬಳಿ ಒಂದು ಅಳತೆಪಟ್ಟಿಯಿದೆ. 20ರಿಂದ 39 ವರ್ಷದ ಗಂಡಸು 1.00. ಅದೇ ವಯಸ್ಸಿನ ಹೆಂಗಸು 0.71. 13ರಿಂದ 15ರ ಹುಡುಗ 0.97, ಹುಡುಗಿ 0.80. ಎಪ್ಪತ್ತು ದಾಟಿದ ಅಜ್ಜಿ 0.50. ಯಾರಿಗೆ ಎಷ್ಟು ಶಕ್ತಿ ಬೇಕೆಂಬ ಅಂದಾಜಿನ ಮೇಲೆ ನಿಂತ ಪಟ್ಟಿ ಇದು, ಯಾರು ಎಷ್ಟು ಉಂಡರೆಂಬ ಅಳತೆಯಲ್ಲ. ಅದು ನೋಡುವುದು ವಯಸ್ಸು ಮತ್ತು ಲಿಂಗ, ಎರಡನ್ನೇ. ಗಂಡಸರು, ಮಕ್ಕಳು ಉಂಡೆದ್ದ ಮೇಲೆ ಪಾತ್ರೆಯ ತಳದಲ್ಲಿ ಸಾರಿನ ಹೋಳು ಎಷ್ಟು ಉಳಿದಿತ್ತು ಎಂಬುದಕ್ಕೆ ಯಾವ ಅಂಕಣವೂ ಇಲ್ಲ.

ಆ ಅಂಕಣ ಒಂದು ಕಾಲದಲ್ಲಿ ಇತ್ತು. 1972ರಲ್ಲಿ ಹೈದರಾಬಾದಿನ ಸಂಸ್ಥೆಯಡಿ ಆರಂಭವಾದ ರಾಷ್ಟ್ರೀಯ ಪೋಷಣಾ ನಿಗಾ ಘಟಕದವರು ಕರ್ನಾಟಕವೂ ಸೇರಿ ಹತ್ತು ರಾಜ್ಯಗಳ ಹಳ್ಳಿಗಳಿಗೆ ಅಳತೆಯ ಬಟ್ಟಲುಗಳನ್ನು ಹೊತ್ತು ಹೋಗಿ, ‘ನಿನ್ನೆ ಯಾರು ಯಾವ ಬಟ್ಟಲಿನಷ್ಟು ಉಂಡಿರಿ’ ಎಂದು ಒಬ್ಬೊಬ್ಬರ ಲೆಕ್ಕ ತೆಗೆಯುತ್ತಿದ್ದರು. 2015ರಲ್ಲಿ ಘಟಕವನ್ನು ಮುಚ್ಚಲಾಯಿತು. ಅಂಥ ಅಳತೆ ನಿಂತ ಮೇಲೆ ಮನೆಯೊಳಗಿನ ಹಂಚಿಕೆಯ ಸುಳಿವಿಗೆ ಮುಖ್ಯವಾಗಿ ಉಳಿದದ್ದು ದೇಹವನ್ನೇ ಕೇಳುವ ದಾರಿ. ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019–21ರಲ್ಲಿ ದೇಶದ 15ರಿಂದ 49ರ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ, ಗಂಡಸರಲ್ಲಿ ಶೇ 25. ಮುಟ್ಟು, ಬಸಿರು, ಬಾಣಂತನಗಳಲ್ಲಿ ಹೋಗುವ ಕಬ್ಬಿಣ ಈ ಅಂತರಕ್ಕೆ ದೊಡ್ಡ ಕಾರಣ, ನಿಜ. ಹೋದದ್ದನ್ನು ತುಂಬಿಕೊಡುವ ಊಟ ಅವರ ತಟ್ಟೆಗೆ ಬೀಳುತ್ತಿಲ್ಲ ಎಂಬುದೂ ಅಷ್ಟೇ ನಿಜ.

ದೇಹದ ಉತ್ತರವೂ ಕೇಳುವ ಬಗೆಯಿಂದ ಬದಲಾಗುತ್ತದೆ. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಿದ್ದರು. ಹನಿ ಬರಲಿಲ್ಲವೆಂದು ಬೆರಳನ್ನು ಹಿಂಡಿದರೆ ಅಂಗಾಂಶದ ನೀರು ಸೇರಿ ರಕ್ತ ತೆಳುವಾಗುತ್ತದೆ, ಹಿಮೋಗ್ಲೋಬಿನ್ ಕಡಿಮೆ ಕಾಣುತ್ತದೆ. 2015–16ರ ಆ ಪರೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 59ರಷ್ಟು ರಕ್ತಹೀನರಿದ್ದರು. ರಕ್ತನಾಳದಿಂದ ಸಿರಿಂಜಿನಲ್ಲಿ ರಕ್ತ ತೆಗೆದ 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ, ಒಂದರಿಂದ ನಾಲ್ಕು ವರ್ಷದವರಲ್ಲಿ ಸುಮಾರು ಶೇ 41. ವರ್ಷ ತುಂಬದ ಕೂಸುಗಳು ಎರಡನೆಯ ಲೆಕ್ಕದಲ್ಲಿಲ್ಲ ಎಂಬುದನ್ನು ಕಳೆದರೂ ಅಂತರ ದೊಡ್ಡದೇ. ಕುಟುಂಬ ಆರೋಗ್ಯ ಸಮೀಕ್ಷೆಯ ಆರನೆಯ ಸುತ್ತಿನಲ್ಲಿ ಬೆರಳು ಚುಚ್ಚುವುದನ್ನೇ ಕೈಬಿಟ್ಟು, ಆ ಹೊಣೆಯನ್ನು ಹೈದರಾಬಾದಿನವರ ಹೊಸ ಆಹಾರ ಮತ್ತು ಜೈವಿಕ ಸೂಚಕಗಳ ಸಮೀಕ್ಷೆಗೆ ವಹಿಸಿದ್ದಾರೆ.

ವಿಜ್ಞಾನದ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನ. ಬೆಲೆ ಬೇರೆ ಕಡೆ ತೆರಬೇಕು. ರಕ್ತನಾಳದಿಂದ ತೆಗೆಯಲು ಪಳಗಿದ ಕೈ ಬೇಕು. ತೆಗೆದ ರಕ್ತವನ್ನು ತಂಪಿನಲ್ಲಿಟ್ಟು ಪ್ರಯೋಗಾಲಯ ಮುಟ್ಟಿಸಬೇಕು. ಆದ್ದರಿಂದ ನೋಡುವ ಮನೆಗಳ ಸಂಖ್ಯೆ ಕುಗ್ಗುತ್ತದೆ. 2016–18ರ ಸಮೀಕ್ಷೆ ರಾಜ್ಯಗಳ ಅಂಕಿಗೆ ನಿಂತಿತು, ಬೆರಳಿನ ಹನಿ ಜಿಲ್ಲೆ ಜಿಲ್ಲೆಯ ಅಂಕಿ ಕೊಡುತ್ತಿತ್ತು. ರಾಯಚೂರಿನ ಅಂಗನವಾಡಿಗಳಿಗೆ ಯಾವ ವರ್ಷ ಎಷ್ಟು ಕಬ್ಬಿಣದ ಸಿರಪ್ ಕಳಿಸಬೇಕೆಂದು ಕೂತು ಬರೆಯುವ ಅಧಿಕಾರಿಗೆ ಬೇಕಾದದ್ದು ರಾಯಚೂರಿನದೇ ಅಂಕಿ.