ಬೊಗಳುವ ಜಿಂಕೆ!

ನಾಗರಹೊಳೆಯ ಕಾಡಿನೊಳಗಿಂದ ನಾಯಿ ಬೊಗಳಿದಂಥ ಸದ್ದು ಕೇಳಿದರೆ, ಅದು ಜಿಂಕೆ ಕುಟುಂಬದ ಕಾಡುಕುರಿಯ ಕೂಗಿರಬಹುದು. ಹುಲಿ, ಚಿರತೆಯ ಸುಳಿವು ಸಿಕ್ಕಿದರೆ ಇದು ಕೆಲವೊಮ್ಮೆ ಗಂಟೆಗಟ್ಟಲೆ ಬೊಗಳುವುದುಂಟು.

ಎತ್ತರ ಎರಡಡಿಯ ಆಸುಪಾಸು, ತೂಕ 20ರಿಂದ 28 ಕೆ.ಜಿ., ಮೈಬಣ್ಣ ಕೆಂಗಂದು. ಗಂಡಿನ ಕೊಂಬು ಗಿಡ್ಡ. ಆದರೆ ಕೊಂಬಿನ ಬುಡ ಮಾತ್ರ ರೋಮ ಹೊದ್ದು ಉದ್ದಕ್ಕೆ ಬೆಳೆದಿರುತ್ತದೆ. ಅಲ್ಲಿಂದ ಮುಖದ ಮೇಲೆ ಎರಡು ಕಪ್ಪು ಗೆರೆ ಇಳಿಯುತ್ತವೆ. ಗಂಡುಗಳು ಕಾದಾಡುವಾಗ ಮೇಲ್ದವಡೆಯ ಚೂಪು ಕೋರೆಹಲ್ಲನ್ನೂ ಬಳಸುತ್ತವೆ.

ನೀರು ಹತ್ತಿರವಿರುವ ದಟ್ಟ ಕಾಡು ಇದರ ನೆಲೆ. ಹೆಚ್ಚಾಗಿ ಒಂಟಿ ಸಂಚಾರಿ. ಎಲೆ, ಚಿಗುರು, ಉದುರಿದ ಹಣ್ಣು ಆಹಾರ.

ನಿಜವಾದ ಬೆರಗಿರುವುದು ಜೀವಕೋಶದೊಳಗೆ. ಮನುಷ್ಯರಿಗೆ 46 ವರ್ಣತಂತುಗಳಿದ್ದರೆ, ಭಾರತದ ಕಾಡುಕುರಿಯ ಹೆಣ್ಣಿಗೆ ಬರೀ 6, ಗಂಡಿಗೆ 7. ತಿಳಿದಿರುವ ಸಸ್ತನಿಗಳಲ್ಲೇ ಇದು ಅತಿ ಕಡಿಮೆ.