ಸುರುಳಿ ದಾರಿಯಲ್ಲಿ ಎಷ್ಟು ದೂರ?

ವಿದ್ಯಾರ್ಥಿಗಳೇ, ಒಂದು ಲೆಕ್ಕ ಕೇಳಿ. ಆಯತಾಕಾರದ ಒಂದು ತೋಟ. ಅದರ ಉದ್ದ ಅಗಲಕ್ಕಿಂತ ಅರ್ಧ ಗಜ ಹೆಚ್ಚು. ತೋಟದಲ್ಲಿ ಗಿಡವಿಲ್ಲ, ಮರವಿಲ್ಲ. ಇಡೀ ತೋಟವೇ ಒಂದು ದಾರಿ! 1 ಗಜ ಅಗಲದ ಆ ದಾರಿ ಹೊರ ಅಂಚಿನಲ್ಲಿ ಶುರುವಾಗಿ, ಪ್ರತಿ ಮೂಲೆಯಲ್ಲೂ ತಿರುಗುತ್ತಾ, ಸುರುಳಿಯಂತೆ ನಡುವಿನವರೆಗೆ ಹೋಗುತ್ತದೆ. ದಾರಿಯ ಉದ್ದ 3630 ಗಜ. ಹಾಗಾದರೆ ತೋಟದ ಉದ್ದ, ಅಗಲ ಎಷ್ಟು?

ಈ ಲೆಕ್ಕ ಕೊಟ್ಟವರು ಲೂಯಿಸ್ ಕ್ಯಾರೊಲ್. ಆಲಿಸ್ ಎಂಬ ಹುಡುಗಿಯ ಕಥೆ ಬರೆದವರು ಇವರೇ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಗಣಿತ ಕಲಿಸುತ್ತಿದ್ದರು. 1885ರಲ್ಲಿ ಪ್ರಕಟವಾದ ‘ಎ ಟ್ಯಾಂಗಲ್ಡ್ ಟೇಲ್’ ಎಂಬ ಪುಸ್ತಕದಲ್ಲಿ ಇದು ಇದೆ.

ಒಂದೊಂದು ಸುತ್ತನ್ನೂ ಅಳೆದು ಕೂಡಿಸಲು ಹೊರಟರೆ ಪುಟಗಟ್ಟಲೆ ಬರೆಯಬೇಕು. ಬೇಡ, ಬೇರೆ ರೀತಿ ಯೋಚಿಸೋಣ. ದಾರಿಯ ನಟ್ಟನಡುವೆ ನಡೆಯುತ್ತಿದ್ದೀರಿ ಅಂದುಕೊಳ್ಳಿ. ನೇರ ಭಾಗದಲ್ಲಿ 1 ಗಜ ನಡೆದರೆ 1 ಚದರ ಗಜ ನೆಲ ದಾಟಿದಂತಾಯಿತು. ಮೂಲೆಯಲ್ಲಿ? ಮೂಲೆ ಅಂದರೆ 1 ಗಜದ ಒಂದು ಚೌಕ. ಅರ್ಧ ಗಜ ಮುಂದೆ ಹೋಗಿ, ತಿರುಗಿ, ಮತ್ತೆ ಅರ್ಧ ಗಜ ನಡೆಯುತ್ತೀರಿ. ಅಲ್ಲೂ 1 ಗಜವೇ! ಅಂದರೆ ನಡೆದ ಗಜ ಎಷ್ಟೋ, ತೋಟದ ಚದರ ಗಜವೂ ಅಷ್ಟೇ. (ಹೊರ ಅಂಚು ಹಿಡಿದು ನಡೆದರೆ ಮೂಲೆಯಲ್ಲಿ 2 ಗಜ ಆಗುತ್ತದೆ. ಆದ್ದರಿಂದಲೇ ನಡುವೆ ನಡೆಯಬೇಕು.)

ನಂಬಿಕೆ ಬರಲಿಲ್ಲವೇ? ಚೌಕುಳಿ ಹಾಳೆಯಲ್ಲಿ 6 ಮನೆ ಉದ್ದ, 5 ಮನೆ ಅಗಲದ ಆಯತ ಬರೆದು ಸುರುಳಿಯಾಗಿ ಎಣಿಸಿ: 6+4+5+3+4+2+3+1+2 = 30. 6×5 ಕೂಡ 30!

ಈಗ ತೋಟದ ವಿಸ್ತೀರ್ಣ 3630 ಚದರ ಗಜ ಎಂದು ಗೊತ್ತಾಯಿತು. ಅಗಲ x ಆದರೆ x(x+½) = 3630. 60×60 = 3600; ಉಳಿದದ್ದು 30. ಅದು 60ರ ಅರ್ಧವೇ ತಾನೇ? ಹಾಗಾಗಿ ಅಗಲ 60 ಗಜ, ಉದ್ದ 60½ ಗಜ.

ಇದು ಸರಿಯಾಗಿ ಮುಕ್ಕಾಲು ಎಕರೆ. ಸೊಲ್ಲಾಪುರದ ಕಡೆಯವರಿಗೆ 30 ಗುಂಟೆ, ಕಾಸರಗೋಡಿನವರಿಗೆ 75 ಸೆಂಟ್ಸ್. ಅಷ್ಟು ಜಾಗದೊಳಗೆ 3 ಕಿಲೋಮೀಟರಿಗೂ ಹೆಚ್ಚು ನಡಿಗೆ!

ಈಗ ನಿಮ್ಮ ಸರದಿ. ಶಾಲೆಯ ಅಂಗಳ 40 ಮೀಟರ್ ಉದ್ದ, 20 ಮೀಟರ್ ಅಗಲ. ಅದರ ತುಂಬ 2 ಮೀಟರ್ ಅಗಲದ ಸುರುಳಿ ದಾರಿ ಎಳೆದರೆ ಎಷ್ಟು ದೂರ ನಡೆಯಬೇಕು? ಅವಸರದಲ್ಲಿ 800 ಅನ್ನಬೇಡಿ. ದಾರಿಯ ಅಗಲವನ್ನು ಇನ್ನೊಮ್ಮೆ ನೋಡಿ, ಆಮೇಲೆ ಹೇಳಿ.